ಬಿಸಿನೀರು, ಫಿಟ್ಸು ಮತ್ತು ಮಗುವಿನ ಬುದ್ಧಿ

ಮನೆಯಲ್ಲಿ ಮಗುವಿಗೆ ಒಮ್ಮೆ ಫಿಟ್ಸ್ ಬಂತೆನ್ನಿ. ಮೊದಲ ಗಾಬರಿ ಅಡಗಿ, ಮಗು ಕಣ್ಣು ಬಿಟ್ಟು ‘ಅಮ್ಮಾ’ ಎಂದ ಮೇಲೆ ತಂದೆತಾಯಿಯರ ಮನಸ್ಸನ್ನು ಕೊರೆಯತೊಡಗುವ ಪ್ರಶ್ನೆ ಬೇರೆಯೇ ಆಗಿರುತ್ತದೆ. ಇವನ ಓದಿನ ಗತಿಯೇನು? ಮೆದುಳಿಗೆ ಪೆಟ್ಟಾಯಿತೆ? ಇನ್ನು ಮುಂದೆ ಕಲಿತದ್ದು ತಲೆಯಲ್ಲಿ ನಿಲ್ಲುತ್ತದೆಯೆ? ನೆರೆಯವರು, ನೆಂಟರು ಕೇಳುವುದೂ ಇದನ್ನೇ, ಸ್ವಲ್ಪ ಸುತ್ತುಬಳಸಿ. ಕಾಯಿಲೆ ತಂದೆಯ ಕಡೆಯಿಂದಲೋ ತಾಯಿಯ ಕಡೆಯಿಂದಲೋ ಬಂದದ್ದೆಂದು ತಿಳಿದರಂತೂ ಮುಗಿಯಿತು. ‘ವಂಶದ ರೋಗ, ಬುದ್ಧಿಗೂ ತಟ್ಟದೆ ಬಿಟ್ಟೀತೆ’ ಎಂಬ ತೀರ್ಪು ಮನೆಯ ಹಜಾರದಲ್ಲೇ ಹೊರಬೀಳುತ್ತದೆ.

ಈ ತೀರ್ಪು ಎಷ್ಟು ಸರಿ? ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ವಂಶಪಾರಂಪರ್ಯವಾಗಿ ಬರಬಲ್ಲ, ಪ್ರಪಂಚದಲ್ಲೇ ಅಪರೂಪವಾದ, ಆದರೆ ನಮ್ಮ ನಾಡಿನಲ್ಲಿ ಮಾತ್ರ ಅಷ್ಟೇನೂ ಅಪರೂಪವಲ್ಲದ ಒಂದು ಅಪಸ್ಮಾರವಿದೆ. ಅದರ ಬಗ್ಗೆ ಜಗತ್ತು ತಿಳಿದುಕೊಂಡಿರುವುದರಲ್ಲಿ ದೊಡ್ಡ ಪಾಲು ಜಯನಗರದಿಂದ ಕೂಗಳತೆಯ ದೂರದಲ್ಲಿರುವ ನಿಮ್ಹಾನ್ಸ್‌ನಲ್ಲಿ, ಬೆಂಗಳೂರಿನ ವೈದ್ಯರ ಕೈಯಲ್ಲಿ ಸಿದ್ಧವಾದದ್ದು. ಅದರ ಹೆಸರು ‘ಬಿಸಿನೀರಿನ ಅಪಸ್ಮಾರ’.

ಬಚ್ಚಲುಮನೆಯಿಂದ ಬಂದ ಕಾಯಿಲೆ

ನಮ್ಮಲ್ಲಿ ತಲೆಗೆ ನೀರು ಹಾಕಿಕೊಳ್ಳುವುದೆಂದರೆ ಅದೊಂದು ವಿಧಿ. ಹಂಡೆ ಕಾಯಬೇಕು, ನೀರು ‘ಸುರುಸುರು’ ಎನ್ನುವಷ್ಟು ಬಿಸಿಯಾಗಬೇಕು, ಎಣ್ಣೆ ಹೋಗುವಂತೆ ಸೀಗೆಪುಡಿ ತಿಕ್ಕಬೇಕು, ಆಮೇಲೆ ಚೊಂಬಿನ ಮೇಲೆ ಚೊಂಬು ನೆತ್ತಿಗೆ ಸುರಿಯಬೇಕು. ಹಂಡೆಯ ಜಾಗಕ್ಕೆ ಗೀಸರು, ಚೊಂಬಿನ ಜಾಗಕ್ಕೆ ಪ್ಲಾಸ್ಟಿಕ್ ಮಗ್ಗು ಬಂದಿರಬಹುದು. ಸುರಿಯುವ ರೀತಿ ಬದಲಾಗಿಲ್ಲ. ಯುಗಾದಿ, ದೀಪಾವಳಿಯ ಅಭ್ಯಂಜನವಂತೂ ಬಿಸಿನೀರಿಲ್ಲದೆ ಆಗುವುದೇ ಇಲ್ಲ.

ಹೀಗೆ ಸುಮಾರು 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ನೆತ್ತಿಯ ಮೇಲೆ ಒಂದೇಸಮನೆ ಬಿದ್ದಾಗ ಕೆಲವರಿಗೆ, ಅದರಲ್ಲೂ ಮಕ್ಕಳಿಗೆ, ಫಿಟ್ಸ್ ಬರುತ್ತದೆ. ಎಲ್ಲರಿಗೂ ಕೈಕಾಲು ಸೆಟೆದು ಬೀಳುವಂಥ ಫಿಟ್ಸೇ ಬರಬೇಕೆಂದಿಲ್ಲ. ಹೆಚ್ಚಿನವರು ಇದ್ದಕ್ಕಿದ್ದಂತೆ ಮಂಕಾಗುತ್ತಾರೆ, ನೋಟ ಒಂದು ಕಡೆ ನೆಟ್ಟುಬಿಡುತ್ತದೆ, ಕರೆದರೆ ಉತ್ತರವಿಲ್ಲ, ಅಥವಾ ಅರ್ಥವಿಲ್ಲದ ಮಾತು. ಮೈಯೆಲ್ಲ ಅದುರಿ ಪ್ರಜ್ಞೆ ತಪ್ಪುವ ದೊಡ್ಡ ಫಿಟ್ಸ್ ಸುಮಾರು ಮೂರರಲ್ಲಿ ಒಬ್ಬರಿಗೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಎರಡು ಪಟ್ಟಿಗೂ ಹೆಚ್ಚು.

ಇನ್ನೊಂದು ವಿಚಿತ್ರವನ್ನೂ ವೈದ್ಯರು ದಾಖಲಿಸಿದ್ದಾರೆ. ನೂರರಲ್ಲಿ ಐದರಿಂದ ಹತ್ತು ಮಂದಿಗೆ ಫಿಟ್ಸ್ ಬರುವ ಮುಂಚೆ ಒಂದು ಬಗೆಯ ಹಿತವೆನಿಸುತ್ತದೆ. ಅವರು ನಿಲ್ಲಿಸಲಾರದೆ ಪ್ರಜ್ಞೆ ತಪ್ಪುವವರೆಗೂ ಬಿಸಿನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ‘ಎಷ್ಟು ಹೊತ್ತೋ ಸ್ನಾನ, ನೀರೆಲ್ಲ ಖಾಲಿ ಮಾಡ್ತಾನೆ’ ಎಂದು ಬೈಸಿಕೊಳ್ಳುವ ಹುಡುಗನಲ್ಲಿ ಅದು ಹಟವಲ್ಲ, ಕಾಯಿಲೆಯ ಲಕ್ಷಣವೂ ಆಗಿರಬಹುದು.

ಜಗತ್ತಿನ ವೈದ್ಯಕೀಯ ಸಾಹಿತ್ಯದಲ್ಲಿ ಇದರ ಮೊದಲ ವರದಿ ಬಂದದ್ದು 1945ರಲ್ಲಿ, ನ್ಯೂಜಿಲೆಂಡಿನಿಂದ. ಆಮೇಲೆ ಅಲ್ಲೊಂದು ಇಲ್ಲೊಂದು ಪ್ರಕರಣ. ಆದರೆ 1968ರಲ್ಲಿ ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ಸಹೋದ್ಯೋಗಿಗಳು ಈ ಬಗ್ಗೆ ಪ್ರಾಥಮಿಕ ವರದಿಯೊಂದನ್ನು ಪ್ರಕಟಿಸಿದರು. 1972ರ ಹೊತ್ತಿಗೆ 60 ಪ್ರಕರಣಗಳ ವಿವರ ಅವರ ಬಳಿ ಇತ್ತು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ಅಧ್ಯಯನವನ್ನು ಹೊರತಂದಾಗ, ಬೇರೆ ದೇಶಗಳಲ್ಲಿ ಬೆರಳೆಣಿಕೆಯಷ್ಟಿದ್ದ ಕಾಯಿಲೆ ಹಳೆಯ ಮೈಸೂರು ಸೀಮೆಯ ಬಚ್ಚಲುಮನೆಗಳಲ್ಲಿ ಎಷ್ಟು ವ್ಯಾಪಕವಾಗಿದೆ ಎಂಬುದು ಎಲ್ಲರಿಗೂ ತಿಳಿಯಿತು. ದಕ್ಷಿಣ ಭಾರತ ಬಿಟ್ಟರೆ ಇಷ್ಟು ಗುಂಪಾಗಿ ಇದು ಕಂಡುಬಂದಿರುವುದು ಟರ್ಕಿಯಲ್ಲಿ.

ನೀರೊಂದೇ ಕಾರಣವಲ್ಲ

ಹಾಗಾದರೆ ಬಿಸಿನೀರು ಹಾಕಿಕೊಂಡವರಿಗೆಲ್ಲ ಫಿಟ್ಸ್ ಬರಬೇಕಿತ್ತಲ್ಲ? ಇಲ್ಲಿಯೇ ವಂಶದ ಮಾತು ಬರುವುದು. ಬೇರೆ ಬೇರೆ ವರದಿಗಳ ಪ್ರಕಾರ ಈ ರೋಗಿಗಳಲ್ಲಿ ನೂರಕ್ಕೆ 7ರಿಂದ 22ರಷ್ಟು ಮಂದಿಯ ಮನೆಯಲ್ಲಿ ಇನ್ನೊಬ್ಬರಿಗೂ ಇದೇ ತೊಂದರೆ ಇರುತ್ತದೆ. ಅಜ್ಜನಿಗೆ ಇತ್ತು, ಚಿಕ್ಕಪ್ಪನಿಗಿದೆ, ಈಗ ಮೊಮ್ಮಗನಿಗೆ ಬಂದಿದೆ, ಹೀಗೆ.

ಇಂಥ ದೊಡ್ಡ ಕುಟುಂಬಗಳ ರಕ್ತದ ಮಾದರಿಗಳನ್ನು ಇಟ್ಟುಕೊಂಡು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೊ. ಅನುರಂಜನ್ ಆನಂದ್ ಅವರ ಪ್ರಯೋಗಾಲಯ ನಿಮ್ಹಾನ್ಸ್ ವೈದ್ಯರ ಜೊತೆಗೂಡಿ ಕೆಲಸ ಮಾಡಿತು. 2009ರಲ್ಲಿ ಎರಡು ಪ್ರತ್ಯೇಕ ಅಧ್ಯಯನಗಳು ಈ ಕಾಯಿಲೆಗೆ ಸಂಬಂಧಿಸಿದ ಜಾಗಗಳನ್ನು 10ನೆಯ ಮತ್ತು 4ನೆಯ ವರ್ಣತಂತುಗಳ ಮೇಲೆ ಗುರುತಿಸಿದವು. 2017ರಲ್ಲಿ ‘ಎಸ್‌ಎಲ್‌ಸಿ1ಎ1’ ಎಂಬ ಜೀನ್‌ನಲ್ಲಿ ಅಪರೂಪದ ಬದಲಾವಣೆಗಳು ಕೆಲವು ರೋಗಿಗಳಲ್ಲಿ ಕಂಡುಬಂದವು. ಮೆದುಳಿನ ಜೀವಕೋಶಗಳನ್ನು ಉದ್ರೇಕಿಸುವ ಗ್ಲುಟಮೇಟ್ ಎಂಬ ರಾಸಾಯನಿಕವನ್ನು, ಅದರ ಕೆಲಸ ಮುಗಿದ ಮೇಲೆ ಎತ್ತಿ ಒಳಗಿಡುವ ಒಂದು ಸಾಗಣೆ ಪ್ರೋಟೀನಿಗೆ ಈ ಜೀನ್ ಸೂಚನೆ ನೀಡುತ್ತದೆ. ಬಂದ ನೆಂಟ ಹೊತ್ತಿಗೆ ಸರಿಯಾಗಿ ಹೊರಡದಿದ್ದರೆ ಮನೆಯಲ್ಲಿ ಗಲಾಟೆ ಹೆಚ್ಚುವಂತೆ ಗ್ಲುಟಮೇಟ್ ಉಳಿದರೂ ಮೆದುಳಿನ ಉದ್ರೇಕ ಹೆಚ್ಚುತ್ತದೆ.

ಅಧ್ಯಯನಕ್ಕೆ ಸಿಕ್ಕ ದೊಡ್ಡ ಕುಟುಂಬಗಳಲ್ಲಿ ಇದು ‘ಪ್ರಬಲ’ ರೀತಿಯಲ್ಲಿ ಇಳಿದುಬಂದಿದೆ. ಅಂದರೆ ತಂದೆ ಅಥವಾ ತಾಯಿ ಇಬ್ಬರಲ್ಲಿ ಒಬ್ಬರಿಂದ ಬದಲಾದ ಜೀನ್ ಬಂದರೂ ಸಾಕು. ಪ್ರತಿ ಮಗುವಿಗೆ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಜೀನ್ ಪಡೆದವರೆಲ್ಲರಿಗೂ ಫಿಟ್ಸ್ ಬರುವುದಿಲ್ಲ. ಮೈಯ ಉಷ್ಣತೆಯನ್ನು ಹದದಲ್ಲಿಡುವ ಮೆದುಳಿನ ವ್ಯವಸ್ಥೆಯಲ್ಲಿ ಹುಟ್ಟಿನಿಂದ ಏನೋ ಸೂಕ್ಷ್ಮತೆ, ಅದರ ಮೇಲೆ ನೆತ್ತಿಗೆ ಬೀಳುವ ಬಿಸಿನೀರು, ಎರಡೂ ಕೂಡಿದಾಗ ಫಿಟ್ಸ್ ಎಂಬುದು ನಿಮ್ಹಾನ್ಸ್ ಸಂಶೋಧಕರ ವಿವರಣೆ. ಮದ್ದು ತುಂಬಿದ ಪಟಾಕಿ ಕಿಡಿ ತಾಗದಿದ್ದರೆ ಸುಮ್ಮನೆ ಬಿದ್ದಿರುವುದಿಲ್ಲವೆ, ಹಾಗೆ.

ಬುದ್ಧಿ ಎಂದರೆ ಯಾವುದು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬಿಸಿನೀರಿನ ಅಪಸ್ಮಾರ ಬಂದ ಮಗುವಿನ ಬುದ್ಧಿ ಮಂಕಾಗುತ್ತದೆಯೆ?

ಬಹುಪಾಲು ಮಕ್ಕಳ ಮಟ್ಟಿಗೆ, ಇಲ್ಲ. ಸ್ನಾನದ ವೇಳೆ ಬಿಟ್ಟರೆ ಅವರು ಎಲ್ಲ ಮಕ್ಕಳಂತೆಯೇ ಆಡುತ್ತಾರೆ, ಓದುತ್ತಾರೆ. ನರಗಳ ಪರೀಕ್ಷೆ ಸಾಮಾನ್ಯವಾಗಿಯೇ ಇರುತ್ತದೆ, ಫಿಟ್ಸ್ ಇಲ್ಲದ ಹೊತ್ತಿನಲ್ಲಿ ತೆಗೆದ ಇಇಜಿ ಕೂಡ ಹೆಚ್ಚಿನವರಲ್ಲಿ ಸರಿಯಾಗಿಯೇ ಇರುತ್ತದೆ. ವಂಶದಿಂದ ಬಂದ ಮೆದುಳಿನ ಕಾಯಿಲೆ ಎಂದ ಮಾತ್ರಕ್ಕೆ ಬುದ್ಧಿಗೆ ಕುಂದು ಎಂಬ ತರ್ಕ ಇಲ್ಲಿಗೇ ಮುರಿದುಬೀಳುತ್ತದೆ.

ಆದರೂ ‘ಬಹುಪಾಲು’ ಎಂಬ ಮಾತಿನಲ್ಲಿ ‘ಎಲ್ಲರೂ’ ಸೇರುವುದಿಲ್ಲ. ಹೀಗಾಗಿ ಮಗುವಿನ ಕಲಿಕೆಯಲ್ಲಿ ಏನಾದರೂ ವ್ಯತ್ಯಾಸವಾಗಿದೆಯೇ ಎಂದು ನೋಡಬೇಕಾದರೆ ಬುದ್ಧಿ ಎಂದರೆ ಏನೆಂದು ತಿಳಿದಿರಬೇಕು. ಬುದ್ಧಿ ಎಂಬುದು ಒಂದೇ ಕೊಳಗದಲ್ಲಿ ಅಳೆಯುವ ರಾಗಿಯಲ್ಲ. ಗಮನ ಕೊಡುವ ಶಕ್ತಿ ಬೇರೆ, ಕೇಳಿದ್ದನ್ನು ನೆನಪಿಡುವ ಶಕ್ತಿ ಬೇರೆ. ಬೇಗ ಯೋಚಿಸುವುದು ಒಂದು, ಮುಂದಿನ ಹೆಜ್ಜೆಯನ್ನು ಯೋಜಿಸುವುದು ಇನ್ನೊಂದು, ಬೇಕಾದ ಪದ ಬೇಕಾದಾಗ ನಾಲಿಗೆಗೆ ಬರುವುದು ಮತ್ತೊಂದು. ಒಂದರಲ್ಲಿ ಹಿಂದೆ ಬಿದ್ದ ಮಗು ಇನ್ನೊಂದರಲ್ಲಿ ಮುಂದಿರಬಹುದು.

ನಿಮ್ಹಾನ್ಸ್‌ನ ಮನಶ್ಶಾಸ್ತ್ರಜ್ಞರು 2004ರಲ್ಲಿ ದೊಡ್ಡವರಿಗೂ ಮಕ್ಕಳಿಗೂ ಬೇರೆ ಬೇರೆಯಾಗಿ ಇಂಥ ಪರೀಕ್ಷೆಗಳ ಒಂದೊಂದು ಮಾಲೆಯನ್ನು ಸಿದ್ಧಪಡಿಸಿದರು. ಪರದೇಶದ ಮಕ್ಕಳ ಅಂಕಗಳಿಗೆ ನಮ್ಮ ಮಕ್ಕಳನ್ನು ಹೋಲಿಸುವುದು ನ್ಯಾಯವಲ್ಲ ಎಂಬುದು ಇದರ ಹಿಂದಿನ ವಿವೇಕ. ಇಂಥ ಪರೀಕ್ಷೆಗಳು ಹೇಗಿರುತ್ತವೆ ಗೊತ್ತೆ? ಹದಿನೈದು ಪದಗಳ ಪಟ್ಟಿಯೊಂದನ್ನು ಓದಿ ಹೇಳುತ್ತಾರೆ, ಮಗು ನೆನಪಿದ್ದಷ್ಟನ್ನು ಒಪ್ಪಿಸಬೇಕು. ಹೀಗೆ ಐದು ಸಲ. ಬಳಿಕ ಬೇರೆ ಕೆಲಸ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಾರೆ. ಐದನೆಯ ಸಲ ಹನ್ನೆರಡು ಹೇಳಿದ ಮಗು ಅರ್ಧ ಗಂಟೆಯ ನಂತರ ನಾಲ್ಕೇ ಹೇಳಿದರೆ, ಕಲಿಯುವುದರಲ್ಲಿ ತೊಂದರೆಯಿಲ್ಲ, ಕಲಿತದ್ದನ್ನು ಉಳಿಸಿಕೊಳ್ಳುವುದರಲ್ಲಿ ಇದೆ ಎಂದು ತಿಳಿಯುತ್ತದೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲೆ ಎಂದು ಕೇಳುವುದು ಇನ್ನೊಂದು. ಗೂಟಕ್ಕೆ ಸಿಕ್ಕಿಸಿದ ಬಣ್ಣದ ಮಣಿಗಳನ್ನು ಅತಿ ಕಡಿಮೆ ನಡೆಗಳಲ್ಲಿ ಜೋಡಿಸುವುದು ಮತ್ತೊಂದು. ಇದರಲ್ಲಿ ಯೋಜನಾಶಕ್ತಿ ತಿಳಿಯುತ್ತದೆ.

ಇದು ಪಾಸು-ಫೇಲಿನ ಪರೀಕ್ಷೆಯಲ್ಲ. ಮಗುವಿಗೆ ಎಲ್ಲಿ ಊರುಗೋಲು ಬೇಕು ಎಂದು ಹೇಳುವ ನಕ್ಷೆ. ಒಂದೇ ಒಂದು ‘ಐಕ್ಯೂ’ ಅಂಕಿ ಹಿಡಿದುಕೊಂಡು ಮಗುವಿನ ಹಣೆಬರಹ ಬರೆಯಹೊರಡುವವರು ಇದನ್ನು ಗಮನಿಸಬೇಕು.

ಓದನ್ನು ಕದಿಯುವ ನಾಲ್ವರು ಕಳ್ಳರು

ಅಪಸ್ಮಾರವಿರುವ ಮಗು ಓದಿನಲ್ಲಿ ಹಿಂದೆ ಬಿದ್ದರೆ ಕಾರಣ ನಾಲ್ಕು ಕಡೆಯಿಂದ ಬರಬಹುದು.

ಮೊದಲನೆಯದು, ಫಿಟ್ಸಿಗೆ ಮೂಲವಾದ ಕಾಯಿಲೆಯೇ. ಇದರ ಬಗ್ಗೆ ಮುಂದೆ ನೋಡೋಣ.

ಎರಡನೆಯದು, ಫಿಟ್ಸ್. ಮೆದುಳಿನ ಎರಡೂ ಬದಿಯಲ್ಲಿ, ಕಿವಿಯ ನೇರಕ್ಕೆ ಒಳಗೆ, ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗವಿದೆ. ಹೊಸದಾಗಿ ಕಲಿತದ್ದು ನೆನಪಾಗಿ ನೆಲೆಗೊಳ್ಳಲು ಇದು ಬೇಕೇಬೇಕು. ಫಿಟ್ಸ್ ಈ ಭಾಗವನ್ನು ಮುಟ್ಟಿದರೆ, ಅದಕ್ಕೆ ಸ್ವಲ್ಪ ಮುಂಚೆ ಓದಿದ್ದು ಅಳಿಸಿಹೋಗಬಹುದು. ಆಮೇಲೂ ಕೆಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ ಮಂಪರು ಉಳಿಯಬಹುದು. ಭಾನುವಾರ ತಲೆಗೆ ನೀರು ಹಾಕಿಕೊಂಡು ಫಿಟ್ಸ್ ಬಂದ ಹುಡುಗ ಸೋಮವಾರದ ಟೆಸ್ಟಿನಲ್ಲಿ ತಡಬಡಾಯಿಸಿದರೆ ಅದು ಸೋಮಾರಿತನವಲ್ಲ. ಫಿಟ್ಸ್ ತಡೆದರೆ ಈ ಕಳ್ಳ ತಾನಾಗಿ ಓಡುತ್ತಾನೆ. ತಡೆಯದೆ ಬಿಟ್ಟರೆ? ಬಿಸಿನೀರಿನ ಅಪಸ್ಮಾರದವರಲ್ಲಿ ನೂರಕ್ಕೆ ಸುಮಾರು 16ರಿಂದ 38 ಮಂದಿಗೆ ಕಾಲಕ್ರಮದಲ್ಲಿ ಸ್ನಾನಕ್ಕೆ ಸಂಬಂಧವೇ ಇಲ್ಲದ ಫಿಟ್ಸ್ ಕೂಡ ಶುರುವಾಗುತ್ತದೆಂದು ವರದಿಗಳು ಹೇಳುತ್ತವೆ. ‘ಬರೀ ಸ್ನಾನದಾಗ ಬರ್ತದೆ, ಬಿಡಿ’ ಎಂದು ಉದಾಸೀನ ಮಾಡಬಾರದೆನ್ನುವುದು ಇದಕ್ಕೇ.

ಮೂರನೆಯದು, ಔಷಧಿ. ಹಳೆಯ, ಅಗ್ಗದ ಫಿನೊಬಾರ್ಬಿಟೋನ್ ಲಕ್ಷಾಂತರ ಬಡವರ ಫಿಟ್ಸ್ ನಿಲ್ಲಿಸಿದೆ. ಇದೇ ಡಾ. ಮಣಿಯವರ ತಂಡ ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ಫಿನೊಬಾರ್ಬಿಟೋನ್ ಮತ್ತು ಫಿನಿಟಾಯಿನ್‌ಗಳಂಥ ಅಗ್ಗದ ಮಾತ್ರೆಗಳಿಂದಲೇ ಅಪಸ್ಮಾರವನ್ನು ಹತೋಟಿಗೆ ತರಬಹುದೆಂದು ತೋರಿಸಿತು. ಆ ಅಧ್ಯಯನ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೆ ಫಿನೊಬಾರ್ಬಿಟೋನ್ ಕೆಲವು ಮಕ್ಕಳಲ್ಲಿ ತೂಕಡಿಕೆ, ಸಿಡುಕು, ಮಂದಗತಿ ತರುತ್ತದೆ. ಟೋಪಿರಮೇಟ್ ತೆಗೆದುಕೊಳ್ಳುವ ಕೆಲವರಿಗೆ ಗೊತ್ತಿರುವ ಪದವೇ ಬಾಯಿಗೆ ಬರುವುದಿಲ್ಲ. ಹೀಗಾದರೆ ತಾವಾಗಿ ಮಾತ್ರೆ ನಿಲ್ಲಿಸುವುದು ಅಪಾಯ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸಿನ ಮೇಲೆ ಫಿಟ್ಸ್ ಬಂದು ಪ್ರಾಣಕ್ಕೇ ಸಂಚಕಾರ. ವೈದ್ಯರಿಗೆ ಹೇಳಿದರೆ ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ. ಹೇಳಬೇಕಾದವರು ತಂದೆತಾಯಿ, ಏಕೆಂದರೆ ಮನೆಯಲ್ಲಿ ಪಾಠ ಒಪ್ಪಿಸುವ ಮಗುವನ್ನು ದಿನವೂ ನೋಡುವವರು ಅವರೇ.

ನಾಲ್ಕನೆಯವನು ಎಲ್ಲರಿಗಿಂತ ದೊಡ್ಡ ಕಳ್ಳ, ಆದರೆ ಮೆದುಳಿನ ಯಾವ ಚಿತ್ರದಲ್ಲೂ ಸಿಕ್ಕಿಬೀಳುವುದಿಲ್ಲ. ಅದು ಸುತ್ತಲಿನ ಜನರ ನಡವಳಿಕೆ. ಶಾಲೆಗೆ ಕಳಿಸದೆ ಮನೆಯಲ್ಲಿ ಕೂಡಿಹಾಕುವುದು, ಆಟಕ್ಕೆ ಬಿಡದಿರುವುದು, ಪ್ರವಾಸಕ್ಕೆ ಸೇರಿಸದಿರುವುದು, ‘ಪಾಪ, ಅವನಿಗೆ ಪ್ರಶ್ನೆ ಕೇಳಬೇಡಿ’ ಎಂದು ಹಿಂದಿನ ಬೆಂಚಿಗೆ ತಳ್ಳುವುದು. ಕೇಳಿಸಿಕೊಳ್ಳದ ಪಾಠ ತಲೆಗೆ ಹತ್ತುವುದಾದರೂ ಹೇಗೆ? ಆಮೇಲೆ ಅಂಕ ಕಡಿಮೆ ಬಂದರೆ ‘ನೋಡಿ, ಫಿಟ್ಸಿನಿಂದ ದಡ್ಡನಾದ’ ಎನ್ನುತ್ತೇವೆ. ಮಗುವೂ ಅದನ್ನು ನಂಬುತ್ತದೆ.

ಎಚ್ಚರಬೇಕಾದ ಕಾಯಿಲೆಗಳೂ ಇವೆ

ಧೈರ್ಯ ಹೇಳುವ ಭರದಲ್ಲಿ ಸತ್ಯ ಮರೆಮಾಚಬಾರದು. ವಂಶವಾಹಿಗಳಿಂದ ಬರುವ ಎಲ್ಲ ಅಪಸ್ಮಾರಗಳೂ ಬುದ್ಧಿಯನ್ನು ಬಿಟ್ಟು ಹೋಗುವುದಿಲ್ಲ. ಎರಡನ್ನಾದರೂ ಹೆಸರಿಸಬೇಕು.

ಒಂದು, ಡ್ರಾವೆ ಸಿಂಡ್ರೋಮ್. ಫ್ರಾನ್ಸಿನ ವೈದ್ಯೆ ಶಾರ್ಲೊಟ್ ಡ್ರಾವೆ 1978ರಲ್ಲಿ ವಿವರಿಸಿದ ಕಾಯಿಲೆ. ಹುಟ್ಟಿದ ಮೊದಲ ವರ್ಷದೊಳಗೆ ಜ್ವರ ಬಂದಾಗ ದೀರ್ಘವಾದ ಫಿಟ್ಸ್ ಬರುತ್ತದೆ. ಬಿಸಿನೀರಿನ ಸ್ನಾನದಿಂದಲೂ ಬರಬಹುದು. ಹೀಗೆ ಹೊರನೋಟಕ್ಕೆ ನಮ್ಮ ಬಿಸಿನೀರಿನ ಅಪಸ್ಮಾರದ ನೆಂಟನಂತೆ ಕಂಡರೂ ಇದರ ದಾರಿ ಬೇರೆ. ಎರಡನೆಯ ವರ್ಷದಿಂದ ಮಗುವಿನ ಮಾತು, ನಡಿಗೆ, ಕಲಿಕೆ ನಿಧಾನವಾಗತೊಡಗುತ್ತವೆ. 2001ರಲ್ಲಿ ಇದರ ಜೀನ್ ಪತ್ತೆಯಾಯಿತು. ಹೆಚ್ಚಿನ ಮಕ್ಕಳಲ್ಲಿ ಆ ದೋಷ ತಂದೆತಾಯಿಯಿಂದ ಬಂದದ್ದಲ್ಲ, ಮಗುವಿನಲ್ಲೇ ಹೊಸದಾಗಿ ಮೂಡಿದ್ದು. ಕಾರ್ಬಮಜೆಪಿನ್‌ನಂಥ ಕೆಲವು ಸಾಮಾನ್ಯ ಫಿಟ್ಸ್ ಮಾತ್ರೆಗಳು ಇದನ್ನು ಹೆಚ್ಚಿಸುತ್ತವೆ. ಆದ್ದರಿಂದ ಒಂದು ವರ್ಷದೊಳಗಿನ ಹಸುಗೂಸಿಗೆ ಬಿಸಿ ಸ್ನಾನದಲ್ಲೋ ಜ್ವರದಲ್ಲೋ ಮತ್ತೆ ಮತ್ತೆ ದೀರ್ಘ ಫಿಟ್ಸ್ ಬಂದರೆ ತಡಮಾಡದೆ ಮಕ್ಕಳ ನರರೋಗ ತಜ್ಞರಿಗೆ ತೋರಿಸಬೇಕು.

ಇನ್ನೊಂದು, ಲಫೋರಾ ಕಾಯಿಲೆ. ಸ್ಪೇನಿನ ವೈದ್ಯ ಲಫೋರಾ 1911ರಲ್ಲಿ ಗುರುತಿಸಿದ್ದು. ಹೈಸ್ಕೂಲಿನವರೆಗೆ ಚೆನ್ನಾಗಿಯೇ ಓದುತ್ತಿದ್ದ ಹುಡುಗ ಅಥವಾ ಹುಡುಗಿ ಇದ್ದಕ್ಕಿದ್ದಂತೆ ಹಿಂದೆ ಬೀಳುತ್ತಾರೆ. ಕೈಕಾಲು ಬೆಚ್ಚಿದಂತೆ ಜಗ್ಗುತ್ತವೆ, ಕಣ್ಣಿಗೆ ಬೆಳಕು ಮಿಂಚಿದಂತಾಗುತ್ತದೆ, ಫಿಟ್ಸ್ ಶುರುವಾಗುತ್ತದೆ. ಕ್ರಮೇಣ ಮಾತು, ನೆನಪು, ನಡಿಗೆ ಎಲ್ಲವೂ ಕುಸಿದು, ಸಾಮಾನ್ಯವಾಗಿ ಹತ್ತು ವರ್ಷಗಳೊಳಗೆ ಜೀವವೇ ಹೋಗುತ್ತದೆ. ಮೆದುಳಿನ ಕೋಶಗಳಲ್ಲಿ ಸಕ್ಕರೆಯ ಸಂಗ್ರಹರೂಪವಾದ ಗ್ಲೈಕೋಜನ್ ಕರಗದ ಉಂಡೆಗಳಾಗಿ ಸೇರಿಕೊಳ್ಳುವುದೇ ಕಾರಣ. ಕಂಕುಳಿನ ಚರ್ಮದ ಸಣ್ಣ ತುಣುಕನ್ನು ಪರೀಕ್ಷಿಸಿದರೆ ಬೆವರುಗ್ರಂಥಿಗಳಲ್ಲಿ ಅದೇ ಉಂಡೆಗಳು ಕಾಣುತ್ತವೆ. ದಕ್ಷಿಣ ಭಾರತದ ಇಂಥ ರೋಗಿಗಳ ಬಗ್ಗೆ ನಿಮ್ಹಾನ್ಸ್ ತಂಡ 1993ರಲ್ಲೇ ವರದಿ ಪ್ರಕಟಿಸಿದೆ. 1998 ಮತ್ತು 2003ರಲ್ಲಿ ಇದರ ಎರಡು ಜೀನ್‌ಗಳು ಪತ್ತೆಯಾದವು. ಕಾನ್ಪುರದ ಐಐಟಿಯಲ್ಲಿ ಪ್ರೊ. ಎಸ್. ಗಣೇಶ್ ಅವರ ಪ್ರಯೋಗಾಲಯ ಈ ಕಾಯಿಲೆಯ ಒಳಗುಟ್ಟನ್ನು ಬಿಡಿಸುವ ಕೆಲಸದಲ್ಲಿ ಹೆಸರು ಮಾಡಿದೆ.

ಲಫೋರಾ ಇಳಿದುಬರುವ ಬಗೆಯನ್ನು ನಮ್ಮ ಮನೆಗಳಲ್ಲಿ ಎಲ್ಲರೂ ತಿಳಿಯಬೇಕು. ಇದು ‘ದುರ್ಬಲ’ ರೀತಿಯದು. ತಂದೆತಾಯಿ ಇಬ್ಬರಲ್ಲೂ ದೋಷದ ಒಂದೊಂದು ಪ್ರತಿ ಅಡಗಿರುತ್ತದೆ, ಇಬ್ಬರೂ ಆರೋಗ್ಯವಾಗಿರುತ್ತಾರೆ. ಎರಡು ಪ್ರತಿಗಳೂ ಕೂಡಿ ಬಂದ ಮಗುವಿಗೆ ಮಾತ್ರ ಕಾಯಿಲೆ. ಪ್ರತಿ ಬಸುರಿನಲ್ಲೂ ಆ ಸಾಧ್ಯತೆ ನಾಲ್ಕರಲ್ಲಿ ಒಂದು. ಗಂಡಹೆಂಡತಿ ಒಂದೇ ಬಳ್ಳಿಯವರಾದರೆ ಒಂದೇ ದೋಷ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದೊಳಗಿನವು. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧ ಬೆಳೆಸುವ ಮುಂಚೆ, ಮನೆತನದಲ್ಲಿ ಇಂಥ ಮಗು ಹುಟ್ಟಿದ್ದುಂಟೇ ಎಂದು ಕೇಳಿ, ವಂಶವಾಹಿ ತಜ್ಞರ ಸಲಹೆ ಪಡೆಯುವುದರಲ್ಲಿ ಅವಮಾನವೇನೂ ಇಲ್ಲ.

ಹೀಗೆ ಮೂರು ಕಾಯಿಲೆಗಳು. ಮೂರಕ್ಕೂ ಹೊರಗಿನ ಹೆಸರು ಫಿಟ್ಸ್. ಒಂದರಲ್ಲಿ ಬುದ್ಧಿ ಬಹುಪಾಲು ಕ್ಷೇಮ, ಒಂದರಲ್ಲಿ ಬೆಳವಣಿಗೆ ಮೊದಲೇ ನಿಧಾನ, ಇನ್ನೊಂದರಲ್ಲಿ ಬೆಳೆದದ್ದು ಕುಸಿಯುತ್ತದೆ. ಆದ್ದರಿಂದ ‘ಫಿಟ್ಸ್ ಬಂದವರ ಬುದ್ಧಿ ಹೇಗಿರುತ್ತದೆ’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ‘ಈ ಮಗುವಿನದು ಯಾವ ಅಪಸ್ಮಾರ’ ಎಂಬುದೇ ಕೇಳಬೇಕಾದ ಪ್ರಶ್ನೆ. ಗುರುತೊಂದನ್ನು ನೆನಪಿಡಿ. ಫಿಟ್ಸ್ ಬಂದಾಗೊಮ್ಮೆ ಮಂಕಾಗಿ ಮತ್ತೆ ಮೊದಲಿನಂತಾಗುವ ಮಗುವಿನ ಬಗ್ಗೆ ಅತಿ ಗಾಬರಿ ಬೇಡ. ತಿಂಗಳಿಂದ ತಿಂಗಳಿಗೆ ಕಲಿತದ್ದನ್ನೇ ಕಳೆದುಕೊಳ್ಳುತ್ತಿರುವ ಮಗುವನ್ನು ಒಂದು ವಾರವೂ ಕಾಯಿಸಬೇಡಿ.

ಮನೆಯಲ್ಲಿ, ಶಾಲೆಯಲ್ಲಿ

ಬಿಸಿನೀರಿನ ಅಪಸ್ಮಾರಕ್ಕೆ ಮೊದಲ ಮದ್ದು ಬಚ್ಚಲುಮನೆಯಲ್ಲೇ ಇದೆ. ನೀರು ಉಗುರುಬೆಚ್ಚಗಿರಲಿ, ಮೈಯ ಶಾಖಕ್ಕಿಂತ ಹೆಚ್ಚು ಬಿಸಿ ಬೇಡ. ನೆತ್ತಿಯ ಮೇಲೆ ಚೊಂಬುಗಟ್ಟಲೆ ಒಂದೇಸಮನೆ ಸುರಿಯುವ ಬದಲು ಬಿಡುಬಿಡುವಾಗಿ ಸ್ವಲ್ಪಸ್ವಲ್ಪವೇ ಹಾಕಿ. ಬಚ್ಚಲಿಗೆ ಒಳಗಿನಿಂದ ಚಿಲಕ ಹಾಕಕೂಡದು, ಮನೆಯಲ್ಲಿ ಯಾರೂ ಇಲ್ಲದಾಗ ತಲೆಸ್ನಾನ ಬೇಡ. ಒಲೆಯ ಹತ್ತಿರ, ಬಿಸಿ ಹಂಡೆಯ ಪಕ್ಕ ಕೂತು ಸ್ನಾನ ಮಾಡಬಾರದು. ಅಜ್ಜಿಗೆ ಇದನ್ನು ಮುಂಚಿತವಾಗಿ ತಿಳಿಸಿ ಹೇಳಿ; ಹಬ್ಬದ ದಿನ ಎಣ್ಣೆ ಹಚ್ಚಿ ಸುಡುನೀರು ಹೊಯ್ಯುವ ಪ್ರೀತಿ ಆಕೆಯದು. ಇಷ್ಟರಿಂದ ಫಿಟ್ಸ್ ನಿಲ್ಲದಿದ್ದರೆ ತಲೆಸ್ನಾನಕ್ಕೆ ಒಂದು-ಒಂದೂವರೆ ಗಂಟೆ ಮುಂಚೆ ಕ್ಲೊಬಜಾಮ್ ಮಾತ್ರೆ ಕೊಡುವ ಪದ್ಧತಿಯಿದೆ. ದಿನವೂ ಮಾತ್ರೆ ನುಂಗುವ ಅಗತ್ಯ ಎಷ್ಟೋ ಮಕ್ಕಳಿಗೆ ಇದರಿಂದ ತಪ್ಪಿದೆ. ಯಾರಿಗೆ, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು.

ಫಿಟ್ಸ್ ಬಂದೇಬಿಟ್ಟರೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಗಡಿಯಾರ ನೋಡಿ. ಬಾಯಿಗೆ ಚಮಚ ತುರುಕುವುದು, ಕೈಗೆ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ನೀರು ಹಾಕುವುದು ಇವುಗಳಿಂದ ಉಪಯೋಗವಿಲ್ಲ, ಅಪಾಯವುಂಟು. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಿ.

ಶಾಲೆಯಿಂದ ವಿಷಯ ಮುಚ್ಚಿಡಬೇಡಿ. ಗೊತ್ತಿರುವ ಮೇಷ್ಟ್ರು ಸಹಾಯಕ್ಕೆ ಬರುತ್ತಾರೆ, ಗೊತ್ತಿಲ್ಲದವರು ಗಾಬರಿಯಾಗುತ್ತಾರೆ. ಮಗುವಿಗೆ ಜ್ಞಾಪಕದ ತೊಂದರೆ ಇದೆಯೆಂದು ಪರೀಕ್ಷೆಯಿಂದ ತಿಳಿದರೆ, ಒಂದೇ ಸಲ ಮೂರು ಗಂಟೆ ಓದಿಸುವ ಬದಲು ಅರ್ಧರ್ಧ ಗಂಟೆಯಂತೆ, ಮಾರನೆಯ ದಿನ ಮತ್ತೊಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಓದಿಸಿ. ಓದಿದ್ದನ್ನು ಬರೆಸಿ, ಬಾಯಲ್ಲಿ ಹೇಳಿಸಿ. ಇದು ಎಲ್ಲ ಮಕ್ಕಳಿಗೂ ಒಳ್ಳೆಯ ಕ್ರಮವೇ.

ವಿದ್ಯಾರ್ಥಿಗಳಿಗೆ ಒಂದು ಮಾತು. ಪರೀಕ್ಷೆ ಹತ್ತಿರ ಬಂತೆಂದು ರಾತ್ರಿಯಿಡೀ ನಿದ್ದೆಗೆಡಬೇಡಿ. ನಿದ್ದೆಗೇಡು ಹಲವು ಬಗೆಯ ಅಪಸ್ಮಾರಗಳಿಗೆ ಕಿಡಿ. ಕಾಲೇಜು ವಯಸ್ಸಿನಲ್ಲಿ ಬೆಳಿಗ್ಗೆ ಎದ್ದೊಡನೆ ಕೈ ಜಗ್ಗಿ ಕಾಫಿ ಲೋಟ ಬೀಳುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ನಿದ್ದೆಯಲ್ಲೇ ಹಿಂದಿನ ದಿನದ ಓದು ನೆನಪಾಗಿ ಗಟ್ಟಿಯಾಗುವುದು. ಆದ್ದರಿಂದ ನಿದ್ದೆ ಬಿಟ್ಟು ಓದುವುದು ತಳವಿಲ್ಲದ ಕೊಡಕ್ಕೆ ನೀರು ಹೊತ್ತಂತೆ. ತರಗತಿಯ ಗೆಳೆಯನಿಗೆ ಫಿಟ್ಸ್ ಬಂದರೆ ಸುತ್ತ ಗುಂಪುಗೂಡಿ ನೋಡಬೇಡಿ. ಎದ್ದ ಮೇಲೆ ಪಕ್ಕದಲ್ಲಿ ಕೂತು, ತಪ್ಪಿದ ನೋಟ್ಸ್ ಕೊಡಿ.

ಚಿಕಿತ್ಸೆಗೆ ದುಡ್ಡಿನ ಯೋಚನೆಯೂ ಬೇಡ. ನಿಮ್ಹಾನ್ಸ್ ಇದೆ. ಅಲ್ಲದೆ 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಆರಂಭಿಸಿದ ‘ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್’ ಯೋಜನೆಯಲ್ಲಿ ಮೆದುಳು ಆರೋಗ್ಯದ ಚಿಕಿತ್ಸಾಲಯಗಳು ಮೊದಲು ತೆರೆದದ್ದು ಜಯನಗರದ ಜನರಲ್ ಆಸ್ಪತ್ರೆ, ಕೋಲಾರ ಮತ್ತು ಚಿಕ್ಕಬಳ್ಳಾಪುರಗಳಲ್ಲಿ. ಅಪಸ್ಮಾರ ಅದರ ಮುಖ್ಯ ವಿಷಯಗಳಲ್ಲೊಂದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು ಐದು ಕೋಟಿ ಮಂದಿಗೆ ಅಪಸ್ಮಾರವಿದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಇವರಲ್ಲಿ ನೂರಕ್ಕೆ 70ರಷ್ಟು ಜನ ಫಿಟ್ಸ್ ಇಲ್ಲದೆ ಬಾಳಬಲ್ಲರು.

ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರವನ್ನು ಹುಚ್ಚಿನ ಪಕ್ಕದಲ್ಲಿಟ್ಟು ಮದುವೆಗೆ ಅಡ್ಡಿಯಾಗಿಸಿದ್ದ ಮಾತೊಂದಿತ್ತು. 1999ರಲ್ಲಿ ಸಂಸತ್ತು ಅದನ್ನು ತೆಗೆದುಹಾಕಿತು. ಫಿಟ್ಸ್ ಬೇರೆ, ಬುದ್ಧಿಭ್ರಮಣೆ ಬೇರೆ ಎಂದು ಕಾನೂನು ಒಪ್ಪಿಕೊಂಡು ಕಾಲು ಶತಮಾನವೇ ಆಯಿತು. ಹಜಾರದಲ್ಲಿ ಕೂತು ತೀರ್ಪು ಕೊಡುವ ನಾವು ಇನ್ನೂ ಒಪ್ಪಿಕೊಳ್ಳಬೇಕಿದೆ. ಅಲ್ಲಿಯವರೆಗೆ ತಂದೆತಾಯಿ ಮಾಡಬಹುದಾದದ್ದು ಇಷ್ಟೆ: ಗೀಸರಿನ ಬಿಸಿ ತಗ್ಗಿಸಿ, ಮಾತ್ರೆ ತಪ್ಪಿಸಬೇಡಿ, ಬೆಳಿಗ್ಗೆ ಮಗುವಿನ ಹೆಗಲಿಗೆ ಪುಸ್ತಕದ ಚೀಲ ಹಾಕಿ ಶಾಲೆಗೆ ಕಳಿಸಿ.